ಹಳೆ ಪಿಕಪ್‌ಗೆ ಟೈರು, ಡಿಸ್ಕ್ ಸೈಜು: 215/75 ಆರ್15 ಬಿಟ್ಟು ಮೇಲೆ ಹೋಗಬಹುದಾ?

ಪೀಣ್ಯಪಿಕಪ್

ಗಾಡಿ 2008ರ ಡಬಲ್ ಕ್ಯಾಬ್ ಪಿಕಪ್, ಬೊಲೆರೊ ಜಾತಿಯದು, ಎರಡೇ ಚಕ್ರಕ್ಕೆ ಡ್ರೈವ್, 5 ಸ್ಟಡ್ (ಚಕ್ರ ಬಿಗಿಯೋ ಬೋಲ್ಟು), ಕಬ್ಬಿಣದ ಡಿಸ್ಕ್ (ಟೈರು ಕೂರೋ ರಿಮ್). ಹಳದಿ ಬೋರ್ಡ್. ಬಾಗಿಲ ಸ್ಟಿಕ್ಕರ್ ಅರ್ಧ ಅಳಿಸಿದೆ, 215/75 ಆರ್15 ಅನ್ನೋದು ಮಾತ್ರ ಓದಬಹುದು. ಈಗ ಇರೋ ನಾಲ್ಕು ಟೈರೂ ಮುಗಿದಿವೆ.

ವಾರಪೂರ್ತಿ ಪೀಣ್ಯದಿಂದ ಕೆಂಗೇರಿ, ರಾಜರಾಜೇಶ್ವರಿನಗರದ ಕಡೆ ಪಿವಿಸಿ ಪೈಪು, ಫಿಟಿಂಗ್ಸ್, 600ರಿಂದ 700 ಕೆ.ಜಿ. ಲೋಡು. ಭಾನುವಾರ ಕನಕಪುರದ ಹತ್ತಿರ ತೋಟಕ್ಕೆ, ಕೊನೆಯ ಅರ್ಧ ಕಿಲೋಮೀಟರ್ ಮಣ್ಣುದಾರಿ.

ಕಣ್ಣಲ್ಲಿರೋದು ನಾಲ್ಕು: ಅದೇ 215/75. ಇಲ್ಲವೇ ಇದೇ ಡಿಸ್ಕ್‌ಗೆ 235/75 ಆರ್15. ಇಲ್ಲವೇ 31×10.5 ಆರ್15, ಜೊತೆಗೆ 8ಜೆ (8 ಇಂಚು ಅಗಲದ) ಅಲಾಯ್, ಈಟಿ ಮೈನಸ್ 12. ಇಲ್ಲವೇ 16 ಇಂಚಿಗೆ ಹೋಗಿ 235/70 ಆರ್16. ಅಂಗಡಿಯವರನ್ನ ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ: "ಕೂರುತ್ತೆ ಸಾರ್."

ಟೈರ್‌ಲೆಕ್ಕ

ಮೊದಲು ಎತ್ತರ ನೋಡೋಣ. ಟೈರಿನ ಅಗಲವನ್ನ ಪ್ರೊಫೈಲ್ ಶೇಕಡಾದಿಂದ ಗುಣಿಸಿದರೆ ಪಕ್ಕದ ಗೋಡೆಯ ಎತ್ತರ. ಅದರ ಎರಡರಷ್ಟಕ್ಕೆ ಡಿಸ್ಕ್‌ನ ಇಂಚು × 25.4 ಕೂಡಿಸಿದರೆ ಒಟ್ಟು ವ್ಯಾಸ.

215/75 ಆರ್15: 703.5 ಮಿ.ಮೀ.
225/75 ಆರ್15: 718.5, ಶೇ. 2.1 ದೊಡ್ಡದು
235/75 ಆರ್15: 733.5, ಶೇ. 4.3
235/70 ಆರ್16: 735.4, ಶೇ. 4.5
31×10.5 ಆರ್15: ಸುಮಾರು 787, ಶೇ. 12 ಹತ್ತಿರ

ವ್ಯಾಸ 30 ಮಿ.ಮೀ. ಹೆಚ್ಚಿದರೆ ಗಾಡಿ ನೆಲದಿಂದ ಏಳೋದು 15 ಮಿ.ಮೀ. ಮಾತ್ರ. ತೋಟದ ದಾರಿಗೆ ಅಂತ 235 ಯೋಚನೆ ಮಾಡ್ತಿದ್ದರೆ ಇದನ್ನ ನೆನಪಿಡಿ, ಒಂದು ಹೆಬ್ಬೆರಳಿನ ಅಗಲವೂ ಸಿಗೋದಿಲ್ಲ.

ಸ್ಪೀಡೋಮೀಟರ್ ಈಗ ಸರಿ ತೋರಿಸ್ತಿದೆ ಅಂದುಕೊಂಡರೆ 235/75ರಲ್ಲಿ ಮುಳ್ಳು 80ರಲ್ಲಿದ್ದಾಗ ನಿಜವಾದ ವೇಗ 83.4. 31 ಇಂಚಿನಲ್ಲಿ 89.5. ಕಿಲೋಮೀಟರ್ ಕೂಡ ಕಮ್ಮಿ ಓಡುತ್ತೆ. "ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಬಿತ್ತು" ಅನ್ನೋ ದೂರಿನಲ್ಲಿ ಒಂದು ಪಾಲು ಈ ಲೆಕ್ಕದ ತಪ್ಪೇ. 235 ಹಾಕಿದ ಮೇಲೆ ಬರೋ ಮೈಲೇಜನ್ನ 1.043ರಿಂದ ಗುಣಿಸಿ ನೋಡಬೇಕು.

ಕಮಾನುಪಟ್ಟಿ

ಎತ್ತರ ಆಮೇಲೆ. ಸರಕು ಗಾಡಿ ಇದು, ಮೊದಲು ಭಾರ.

ಆರ್‌ಸಿ ತೆಗೆದು ಹಿಂದಿನ ಆಕ್ಸಲ್‌ನ ಗರಿಷ್ಠ ತೂಕ ನೋಡಿ, ಅದನ್ನ ಎರಡರಿಂದ ಭಾಗಿಸಿ. ಅಷ್ಟು ಭಾರ ಒಂದು ಟೈರು ಹೊರಬೇಕು. ಆಮೇಲೆ ಟೈರಿನ ಮೈಮೇಲೆ ಸೈಜಿನ ಪಕ್ಕ ಇರೋ ಸಂಖ್ಯೆ ಓದಿ. ಅದು ಲೋಡ್ ಇಂಡೆಕ್ಸ್, ಕೆ.ಜಿ. ಅಲ್ಲ. 100 ಅಂದರೆ 800 ಕೆ.ಜಿ., 102 ಅಂದರೆ 850, 104ಕ್ಕೆ 900, 105ಕ್ಕೆ 925, 106ಕ್ಕೆ 950, 110ಕ್ಕೆ 1,060. "104/101" ಅಂತ ಎರಡು ಸಂಖ್ಯೆ ಇದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಹಿಂದೆ ಜೋಡಿ ಚಕ್ರ ಇರೋ ಗಾಡಿಗೆ. ನಿಮಗೆ ಮೊದಲನೆಯದು. ಕೊನೆಯ ಅಕ್ಷರ ವೇಗದ್ದು: ಕ್ಯೂ 160, ಆರ್ 170, ಎಸ್ 180. ಪಿಕಪ್‌ಗೆ ಕ್ಯೂ ಬೇಕಾದಷ್ಟಾಯ್ತು, ಆ ಅಕ್ಷರಕ್ಕೆ ತಲೆ ಕೆಡಿಸ್ಕೋಬೇಡಿ.

ಈಗ ಇರೋ ಟೈರಿನ ಮೇಲೆ ಏನು ಬರೆದಿದೆ? ಸೈಜಿನ ಹಿಂದೆ ಮುಂದೆ ಎಲ್‌ಟಿ (ಲೈಟ್ ಟ್ರಕ್, ಅಂದರೆ ಸರಕು ಗಾಡಿಯ ಟೈರು) ಅಂತಿದೆಯಾ?

ಪೀಣ್ಯಪಿಕಪ್

ಆರ್‌ಸಿಯಲ್ಲಿ ಹಿಂದಿನ ಆಕ್ಸಲ್ 1,660 ಕೆ.ಜಿ. ಅಂತಿದೆ, ಅಂದರೆ ಟೈರಿಗೆ 830. ಟೈರಿನ ಮೇಲೆ 215/75 ಆರ್15 100ಎಸ್. ಎಲ್‌ಟಿ ಇಲ್ಲ. ಸ್ಟೆಪ್ನಿ ಬೇರೆ ಇದೆ. ಅದರ ಮೇಲೆ ಎಲ್‌ಟಿ, 8 ಪಿಆರ್ (ಪ್ಲೈ ರೇಟಿಂಗ್, ಟೈರಿನ ಗಟ್ಟಿತನದ ಅಳತೆ), 106/103 ಅಂತ ಓದಬಹುದು. ತಯಾರಿಕೆ 1914.

ಕಮಾನುಪಟ್ಟಿ

ಅಲ್ಲೇ ಸಿಕ್ಕಿಬಿತ್ತು ನೋಡಿ. ಕಂಪನಿಯಿಂದ ಬಂದಿದ್ದು ಸ್ಟೆಪ್ನಿಯ ಜಾತಿಯದು, ಆಮೇಲೆ ಯಾರೋ ಕಮ್ಮಿಗೆ ಸಿಗುತ್ತೆ ಅಂತ ಅದೇ ಸೈಜಿನ ಕಾರ್ ಟೈರು ಹಾಕಿದ್ದಾರೆ. ಸೈಜು ಒಂದೇ, ಸಾಮರ್ಥ್ಯ 950ರಿಂದ 800ಕ್ಕೆ ಇಳಿದಿದೆ, ಬೇಕಾಗಿರೋದು 830.

ಅಷ್ಟೇ ಅಲ್ಲ. ಕಾರು ಜಾತಿಯ ಟೈರನ್ನ ಪಿಕಪ್‌ಗೆ ಹಾಕಿದಾಗ ಅಮೆರಿಕದ ಟೈರ್ ಪದ್ಧತಿಯಲ್ಲಿ ಅದರ ಭಾರವನ್ನ 1.1ರಿಂದ ಭಾಗಿಸ್ತಾರೆ. ಲೋಡು ಅತ್ತಿತ್ತ ವಾಲುತ್ತೆ, ಓವರ್‌ಲೋಡ್ ಆಗುತ್ತೆ, ಹೊಡೆತ ಜಾಸ್ತಿ ಅನ್ನೋ ಕಾರಣಕ್ಕೆ. ಆ ಲೆಕ್ಕದಲ್ಲಿ 100 ಅನ್ನೋ ಟೈರು ಹೊರೋದು 727 ಕೆ.ಜಿ. ನಿಮ್ಮ ಟೈರು ಬೇಗ ಮುಗಿದಿದ್ದರೆ, ಪಕ್ಕದ ಗೋಡೆಯಲ್ಲಿ ನಿಂಬೆಹಣ್ಣಿನಂಥ ಉಬ್ಬು ಬಂದಿದ್ದರೆ ಕಾರಣ ಇದೇ. ಗುಂಡಿಗೆ ಬಿದ್ದಾಗ ಡಿಸ್ಕಿನ ಅಂಚಿಗೂ ರಸ್ತೆಗೂ ನಡುವೆ ಗೋಡೆ ಜಜ್ಜಿ ಒಳಗಿನ ದಾರ ಕಡಿಯುತ್ತೆ, ಆಮೇಲೆ ಅಲ್ಲಿ ಗಾಳಿ ಉಬ್ಬುತ್ತೆ.

ಇನ್ನು 235/75ರಲ್ಲೂ ಎರಡು ಜಾತಿ ಇದೆ. ಕಾರು ಜಾತಿಯದು 105ಎಸ್ ಅಂತ ಸಿಗುತ್ತೆ: 925 ಭಾಗಿಸು 1.1, ಅಂದರೆ 841. ಎಲ್‌ಟಿ 6 ಪಿಆರ್ ಆದರೆ 104: ಪೂರ್ತಿ 900. ಸಂಖ್ಯೆ ಚಿಕ್ಕದಿದ್ದರೂ ನಿಮ್ಮ ಕೆಲಸಕ್ಕೆ 104 ಎಲ್‌ಟಿಯೇ ಗಟ್ಟಿ. ಆದರೆ ನಿಮ್ಮ ಸ್ಟೆಪ್ನಿಯಲ್ಲಿರೋ ಹಳೇ ಸೈಜಿನ ಎಲ್‌ಟಿ 8 ಪಿಆರ್ ಅದಕ್ಕಿಂತಲೂ ಮೇಲೆ, 950. ದೊಡ್ಡ ಟೈರು ಅಂದರೆ ಜಾಸ್ತಿ ಭಾರ ಹೊರುತ್ತೆ ಅನ್ನೋದು ಸುಳ್ಳು.

ಸ್ಪ್ಯಾನರ್17

ಟೈರ್ ಮಾತು ಮುಂದುವರಿಸೋ ಮುಂಚೆ ಡಿಸ್ಕ್ ಅಳೀರಿ. ಯಾವ ಅಲಾಯ್ ಕೂರುತ್ತೆ ಅನ್ನೋದು ಅಂಗಡಿಯವರ ಬಾಯಲ್ಲಿ ಇಲ್ಲ, ನಿಮ್ಮ ಟೇಪಿನಲ್ಲಿದೆ.

ಪಿಸಿಡಿ, ಅಂದರೆ ಸ್ಟಡ್‌ಗಳು ಕೂತಿರೋ ವೃತ್ತದ ವ್ಯಾಸ: 5 ಸ್ಟಡ್‌ನಲ್ಲಿ ಎದುರುಬದುರು ಸ್ಟಡ್ ಇರೋದಿಲ್ಲ, ಹಾಗಾಗಿ ಪಕ್ಕಪಕ್ಕದ ಎರಡು ಸ್ಟಡ್‌ಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದು 1.701ರಿಂದ ಗುಣಿಸಿ. 82 ಮಿ.ಮೀ. ಬಂದರೆ 5×139.7. 94 ಬಂದರೆ 5×160, ಅದು ಹಳೆ ಸ್ಕಾರ್ಪಿಯೊದ್ದು, ಒಂದಕ್ಕೊಂದು ಕೂರೋದಿಲ್ಲ. ಇಸುಜು ಡಿ-ಮ್ಯಾಕ್ಸ್‌ನಂಥ 6 ಸ್ಟಡ್ ಗಾಡಿಯಲ್ಲೂ 139.7 ಅನ್ನೋ ಸಂಖ್ಯೆ ಬರುತ್ತೆ, ಅದು 6×139.7, ಸಂಖ್ಯೆ ನೋಡಿ ಮೋಸಹೋಗಬೇಡಿ.

ಈಟಿ ಅಂದರೆ ಆಫ್‌ಸೆಟ್, ಡಿಸ್ಕ್‌ನ ನಡುಗೆರೆಯಿಂದ ಹಬ್ಬಿಗೆ ಕೂರೋ ಮುಖ ಎಷ್ಟು ದೂರ ಅನ್ನೋದು: ಡಿಸ್ಕ್ ಅನ್ನ ಮುಖ ಕೆಳಗೆ ಮಾಡಿ ಮಲಗಿಸಿ, ಹಿಂದಿನ ಅಂಚಿನ ಮೇಲೆ ಒಂದು ನೇರವಾದ ಪಟ್ಟಿ ಅಡ್ಡ ಇಡಿ. ಪಟ್ಟಿಯಿಂದ ಹಬ್ಬಿಗೆ ಕೂರೋ ಮುಖದವರೆಗೆ ಆಳ ಅಳೀರಿ. ಡಿಸ್ಕ್‌ನ ಹೊರ ಅಂಚಿಂದ ಹೊರ ಅಂಚಿನ ಒಟ್ಟು ಅಗಲದ ಅರ್ಧವನ್ನ ಆ ಆಳದಿಂದ ಕಳೆಯಿರಿ. ಉಳಿದದ್ದು ಈಟಿ. 6ಜೆ ಅಂದರೆ ಟೈರು ಕೂರೋ ಜಾಗ 152 ಮಿ.ಮೀ., ಅಂಚುಗಳು ಸೇರಿ ಒಟ್ಟು 177ರ ಆಸುಪಾಸು.

ನಡುವಿನ ತೂತು: ಹಬ್ಬಿನ ಮೂಗು ಎಷ್ಟು ದಪ್ಪ, ಹೊಸ ಡಿಸ್ಕಿನ ತೂತು ಎಷ್ಟು, ಎರಡನ್ನೂ ವರ್ನಿಯರ್‌ನಲ್ಲಿ. ತೂತು ಚಿಕ್ಕದಿದ್ದರೆ ಕೂರೋದೇ ಇಲ್ಲ. ಲೇತ್‌ನಲ್ಲಿ ತಿರುವಿಸಿ ಕೊಡ್ತೀವಿ ಅಂತಾರೆ, ಲೋಡ್ ಗಾಡಿಗೆ ಬೇಡ. ತೂತು ದೊಡ್ಡದಿದ್ದರೆ ಕೂರುತ್ತೆ, ಆದರೆ ಡಿಸ್ಕನ್ನ ಮಧ್ಯಕ್ಕೆ ತರೋ ಕೆಲಸವೆಲ್ಲ ನಟ್ಟುಗಳ ಮೇಲೆ ಬೀಳುತ್ತೆ. ಒಂದು ನಟ್ಟು ಮೊದಲೇ ಪೂರ್ತಿ ಬಿಗಿದರೆ 60, 70ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತೆ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಅದು ಹೋಗೋದಿಲ್ಲ, ಯಾಕೆಂದರೆ ಬ್ಯಾಲೆನ್ಸಿಂಗ್ ಮೆಷಿನ್‌ನಲ್ಲಿ ಡಿಸ್ಕ್ ಸರಿಯಾಗೇ ಕೂತಿರುತ್ತೆ.

ಪೀಣ್ಯಪಿಕಪ್

ಅಳೆದೆ. ಸ್ಟಡ್ ನಡುವೆ 82, ಅಂದರೆ 139.7. ಹಿಂದಿನ ಆಳ 108, ಒಟ್ಟು ಅಗಲ 177. ಹಾಗಾದರೆ ಈಟಿ ಪ್ಲಸ್ 20 ಹತ್ತಿರ. ಸರಿನಾ?

ಟೈರ್‌ಲೆಕ್ಕ

108ರಲ್ಲಿ 88.5 ಹೋದರೆ 19.5. ಸರಿ, 20 ಅಂತಲೇ ಇಟ್ಟುಕೊಳ್ಳಿ.

ಈಗ ಆ 8ಜೆ, ಈಟಿ ಮೈನಸ್ 12 ಅಲಾಯ್ ಎಲ್ಲಿಗೆ ಹೋಗುತ್ತೆ ನೋಡಿ. ಅಗಲ 2 ಇಂಚು ಹೆಚ್ಚು, ಪ್ರತಿ ಪಕ್ಕ 25.4 ಮಿ.ಮೀ. ಇಡೀ ಡಿಸ್ಕ್ ಹೊರಗೆ ಸರಿಯೋದು 20 ಕೂಡಿಸು 12, ಅಂದರೆ 32. ಹೊರ ಅಂಚು 57 ಮಿ.ಮೀ. ಆಚೆ ಬರುತ್ತೆ. ಒಳಗಡೆ ಇನ್ನೂ 6.6 ಮಿ.ಮೀ. ಜಾಗ ಮಿಗುತ್ತೆ. ಅದಕ್ಕೇ ಅಂಗಡಿಯಲ್ಲಿ ಜ್ಯಾಕ್ ಮೇಲೆ ಹಾಕಿ ತಿರುಗಿಸಿದರೆ ಎಲ್ಲೂ ತಾಗಲ್ಲ, "ಕೂತ್ಕೊಳ್ತು ನೋಡಿ" ಅನ್ನೋದು. ತಾಗೋದು ಸ್ಟೀರಿಂಗ್ ತಿರುಗಿಸಿ ಹಂಪ್ ಏರಿದಾಗ, ಮಡ್‌ಗಾರ್ಡ್‌ನ ಹಿಂಭಾಗಕ್ಕೆ. ಚಕ್ರ ಹೊರಗೆ ಸರಿದಷ್ಟೂ ತಿರುಗೋ ವೃತ್ತ ದೊಡ್ಡದಾಗುತ್ತೆ.

ಸ್ಟೀರಿಂಗ್ ತಿರುಗೋ ಗೆರೆ ನೆಲಕ್ಕೆ ಮುಟ್ಟೋ ಬಿಂದುವಿಂದ ಟೈರಿನ ನಡುಭಾಗ 32 ಮಿ.ಮೀ. ದೂರ ಹೋದಾಗ ಏನಾಗುತ್ತೆ? ಒಂದು ಚಕ್ರ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಲ್ಲಿ ಒದೆಯುತ್ತೆ, ಬ್ರೇಕ್ ಒಂದು ಕಡೆ ಜಾಸ್ತಿ ಹಿಡಿದರೆ ಆ ಕಡೆ ಎಳೆಯುತ್ತೆ, ಮುಂದಿನ ಹೊರಗಿನ ಬೇರಿಂಗ್ ಮೇಲೆ ಓರೆಭಾರ ಬೀಳುತ್ತೆ. ಬೇರಿಂಗ್‌ಗೆ ಗ್ರೀಸ್ ತುಂಬಿ ಪ್ಲೇ (ಅಲುಗಾಟ) ತೆಗೆದರೂ ಮತ್ತೆ ಸಡಿಲ ಆಗ್ತಾನೇ ಇರುತ್ತೆ.

ಹುಬ್ಬಳ್ಳಿಗಾಡಿ

31 ಇಂಚಿನ ಮಾತು ಬಿಟ್ಟಬಿಡ್ರಿ ಸರ. ಗೇರಿನ ಲೆಕ್ಕ ಯಾರೂ ಹೇಳವಲ್ರು. ಡಿಫರೆನ್ಷಿಯಲ್ ಗೇರಿನ ಅನುಪಾತ 4.1 ಐತಿ ಅಂತ ತಿಳಕೊಳ್ರಿ. 31 ಹಾಕಿದ್ರ ಅದು 3.67 ಆದಂಗ. ಅಂದ್ರ ಎಲ್ಲಾ ಗೇರೂ ಎತ್ತರ ಆದ್ವು. ಗೊರಗುಂಟೆಪಾಳ್ಯ ಫ್ಲೈಓವರ್ ಏರಿನ್ಯಾಗ 700 ಕೆ.ಜಿ. ಹೊತ್ತು ಜಾಮ್‌ನ್ಯಾಗ ನಿಂತು ಹೊಂಟ್ರ ಅರ್ಧ ಕ್ಲಚ್‌ನ್ಯಾಗ ಎಳೀಬೇಕು. ಪ್ಲೇಟ್ ಸುಟ್ಟ ವಾಸನಿ ಬಂದ ಮ್ಯಾಲೆ ತಿಳಿತೈತಿ.

ಮತ್ತ ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮ್ಯಾಲೈತಿ. ಗಾಳಿ ತೆಳ್ಳಗ. ಟರ್ಬೊ ಇಲ್ಲದ ಹಳೇ ಡೀಸೆಲ್ ಇದ್ರ ಕರಾವಳ್ಯಾಗಿನ ಶಕ್ತಿ ಇಲ್ಲಿ ಸಿಗಂಗಿಲ್ಲ. ಮಂಗಳೂರಾಗ ನಡದದ್ದು ಇಲ್ಲಿ ನಡಿತೈತಿ ಅನ್ನಬ್ಯಾಡ್ರಿ. ಟೈರೊಂದಕ್ಕ ಆರೇಳು ಕಿಲೋ ತೂಕಾನೂ ಏರತೈತಿ, ಅದೂ ತಿರಗೋ ತೂಕ. ಬ್ರೇಕು ಹಳೇದs.

235 ಹಾಕಿದ್ರ 4.1 ಅನ್ನೂದು 3.93 ಆಗತೈತಿ. ಅದನ್ನ ತಡಕೋಬಹುದು.

ಗುಜರಿ_ಗುರು

ಶಿವಾಜಿನಗರದ ಗುಜರಿಯಲ್ಲಿ ಹಳೆ ಡಿಸ್ಕ್ ಹುಡುಕೋರಿಗೆ ಒಂದು ಮಾತು. 5×139.7 ಅಂತ ಹೇಳಿ ಜಿಪ್ಸಿಯ ಡಿಸ್ಕ್ ಕೊಡ್ತಾರೆ. ಪಿಸಿಡಿ ನಿಜಕ್ಕೂ ಒಂದೇ. ಆದರೆ ಜಿಪ್ಸಿ ಹಗುರ ಗಾಡಿ, ಅದರ ಡಿಸ್ಕ್ ನಿಮ್ಮ 830 ಕೆ.ಜಿ.ಗೆ ಮಾಡಿದ್ದಲ್ಲ. ಹಳೆ ಜೀಪಿನ 6.00-16 ಡಿಸ್ಕ್ ಕೂಡ ಇದೇ ಪಿಸಿಡಿ, ಆದರೆ ಅಗಲ ನಾಲ್ಕೂವರೆ ಇಂಚು. 16 ಇಂಚು ಸಿಕ್ತು ಅಂತ ಅದಕ್ಕೆ 235/70 ಹಾಕಿಸಿದರೆ ಟೈರಿನ ಹೊಟ್ಟೆ ಮುಂದೆ ಬಂದು ನಡುಭಾಗ ಮಾತ್ರ ಸವೆಯುತ್ತೆ, ತಿರುವಿನಲ್ಲಿ ತೂರಾಡುತ್ತೆ. ಆ ಸೈಜಿಗೆ ಕನಿಷ್ಠ 6 ಇಂಚು ಬೇಕು.

ಅಗಲದ ಮಿತಿ: 215/75 ಆರ್15ಕ್ಕೆ 5.5ರಿಂದ 7 ಇಂಚು. 235/75 ಆರ್15ಕ್ಕೆ 6ರಿಂದ 8. 31×10.5ಕ್ಕೆ 7ರಿಂದ 9. ಅಂದರೆ ನಿಮ್ಮ 6ಜೆಗೆ 235 ಕೂರುತ್ತೆ, ಕೊನೇ ಮೆಟ್ಟಿಲಲ್ಲಿ. 31 ಕೂರಲೇಬಾರದು. ಕೂರಿಸಿಕೊಡೋರು ಇದ್ದಾರೆ, ಅದು ಬೇರೆ ವಿಷಯ.

ಅಲಾಯ್ ಬೇಕೇ ಬೇಕು ಅನ್ನೋರು ಹಿಂಭಾಗ ತಿರುಗಿಸಿ ಅಚ್ಚು ಓದಿ. ಒಂದು ಡಿಸ್ಕ್ ಎಷ್ಟು ಕೆ.ಜಿ. ಹೊರುತ್ತೆ ಅಂತ ಬರೆದಿರುತ್ತೆ. ಜಪಾನ್ ಪದ್ಧತಿಯ ಮುದ್ರೆ ಇದ್ದರೆ ಜೆಡಬ್ಲ್ಯುಎಲ್ ಅಂದರೆ ಕಾರಿಗೆ, ಜೆಡಬ್ಲ್ಯುಎಲ್-ಟಿ ಅಂದರೆ ಟ್ರಕ್ಕಿಗೆ. ಏನೂ ಬರೆದಿಲ್ಲದ ಅಲಾಯ್ ಫೋಟೋಗೆ ಚೆನ್ನಾಗಿರುತ್ತೆ. ಕಬ್ಬಿಣದ ಡಿಸ್ಕ್ ಗುಂಡಿಗೆ ಬಿದ್ದರೆ ಸೊಟ್ಟ ಆಗುತ್ತೆ, ಬಡಿದು ನೇರ ಮಾಡಬಹುದು. ಅಲಾಯ್ ಸೀಳುತ್ತೆ.

ಹದಿನಾರಿಂಚು

16 ಇಂಚನ್ನ ಎಲ್ಲರೂ ಸುಮ್ಮನೆ ತಳ್ಳಿಹಾಕ್ತಿದ್ದೀರಿ. 15 ಇಂಚಿನ ಎಲ್‌ಟಿ ಟೈರು ಎಲ್ಲ ಅಂಗಡಿಯಲ್ಲಿ ಸ್ಟಾಕ್ ಇರೋದಿಲ್ಲ. 2020ರ ಜೂನ್‌ನಲ್ಲಿ ಟೈರ್ ಆಮದಿಗೆ ನಿರ್ಬಂಧ ಬಂದ ಮೇಲೆ ವಿಚಿತ್ರ ಸೈಜುಗಳನ್ನ ನಂಬಿ ಕೂರೋಕೆ ಆಗಲ್ಲ. 235/70 ಆರ್16 ಆದರೆ ಎಸ್‌ಯುವಿಗಳಿಂದಾಗಿ ಸುಲಭವಾಗಿ ಸಿಗುತ್ತೆ.

ಕಮಾನುಪಟ್ಟಿ

ಸಿಗೋದು ನಿಜ. ಆದರೆ ಸಿಗೋದೆಲ್ಲ ಕಾರು ಜಾತಿಯದು. ಮತ್ತೆ 1.1ರ ಭಾಗಾಕಾರಕ್ಕೆ ಬಂದಿರಿ. ಐದು ಡಿಸ್ಕ್, ಐದು ಟೈರು ಕೊಂಡು, ಕೊನೆಗೆ ಸ್ಟೆಪ್ನಿಯ ಎಲ್‌ಟಿಗಿಂತ ಕಮ್ಮಿ ಭಾರ ಹೊರೋ ಟೈರು. ಪಕ್ಕದ ಗೋಡೆ 161 ಇದ್ದದ್ದು 164 ಆಗುತ್ತೆ, ಕುಶನ್‌ನಲ್ಲೂ ಲಾಭ ಇಲ್ಲ. ಖಾಲಿ ಓಡೋ ಖಾಸಗಿ ಗಾಡಿಯಾಗಿದ್ದರೆ ನಿಮ್ಮ ಮಾತಿಗೆ ಅರ್ಥ ಇತ್ತು.

ಎಫ್‌ಸಿ_ಸಾಲಲ್ಲಿ

ಹಳದಿ ಬೋರ್ಡ್ ಅಂದ್ರಿ, ಹಾಗಾದರೆ ಇನ್ನೊಂದು ಬಾಗಿಲು ಇದೆ. ಸಾರಿಗೆ ವಾಹನದ ಆರ್‌ಸಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್‌ನ ಟೈರು ಎಷ್ಟು, ಯಾವ ಸೈಜು ಅಂತ ದಾಖಲಾಗಿರುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ಪ್ರಕಾರ ತಯಾರಕರು ಮೊದಲು ಕೊಟ್ಟ ವಿವರಕ್ಕೆ ಆರ್‌ಸಿಯ ವಿವರ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 8 ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ. ಮಡ್‌ಗಾರ್ಡ್ ಆಚೆ 57 ಮಿ.ಮೀ. ಚಕ್ರ ಚಾಚಿಕೊಂಡು ಬಂದ ಗಾಡಿಯನ್ನ ಇನ್‌ಸ್ಪೆಕ್ಟರ್ ದೂರದಿಂದಲೇ ಗುರುತು ಹಿಡೀತಾರೆ. ಅಪಘಾತ ಆದಾಗ ಇನ್ಶೂರೆನ್ಸ್ ಸರ್ವೇಯರ್ ಮೊದಲು ಫೋಟೋ ತೆಗೆಯೋದೂ ಟೈರಿನದೇ.

ಪೀಣ್ಯಪಿಕಪ್ ಅವರೇ, ನಿಮ್ಮ ಆರ್‌ಸಿಯಲ್ಲಿ 215/75 ಒಂದೇ ಇದೆಯಾ, ಬೇರೆ ಸೈಜೂ ಇದೆಯಾ?

ಎಫ್‌ಸಿಗೆ ಹೋಗೋ ಮುಂಚೆ ಟ್ರೆಡ್ ಗುಂಡಿಯ ಒಳಗೆ ಅಡ್ಡ ಇರೋ ಚಿಕ್ಕ ದಿಬ್ಬ ನೋಡಿ. ಪಕ್ಕದ ಗೋಡೆಯಲ್ಲಿ ಟಿಡಬ್ಲ್ಯುಐ ಅಂತ ಅಥವಾ ತ್ರಿಕೋನದ ಗುರುತು ಇರೋ ನೇರಕ್ಕೆ ಇರುತ್ತೆ. ರಬ್ಬರ್ ಅದರ ಮಟ್ಟಕ್ಕೆ ಬಂದರೆ ಉಳಿದಿರೋದು 1.6 ಮಿ.ಮೀ., ಟೈರು ಮುಗೀತು. ಐಎಸ್‌ಐ ಮುದ್ರೆ ಇಲ್ಲದ ಟೈರು ಕೊಳ್ಳಲೇಬೇಡಿ.

ಪೀಣ್ಯಪಿಕಪ್

215/75 ಆರ್15 ಒಂದೇ ಇದೆ.

31 ಮತ್ತು 16 ಇಂಚು ಕೈಬಿಟ್ಟೆ. 235 ಮೇಲೆ ಇನ್ನೂ ಸ್ವಲ್ಪ ಆಸೆ ಇದೆ. ಅದು ತಾಗುತ್ತಾ ಇಲ್ಲವಾ ಅಂತ ಕೊಳ್ಳೋ ಮುಂಚೆ ತಿಳಿಯೋ ದಾರಿ ಇದೆಯಾ? ಹಿಂದೆ ಒಂದು ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಹೆಚ್ಚಿಸಿ ಗಾಡಿ ಎತ್ತಿದರೆ ಸರಿಹೋಗುತ್ತೆ ಅಂತಾನೂ ಒಬ್ಬರು ಹೇಳಿದರು.

ಸ್ಪ್ಯಾನರ್17

ಇದೆ. 235ರ ನಿಜವಾದ ಅಗಲ ಅಳೆಯೋದು 6.5 ಇಂಚಿನ ಡಿಸ್ಕ್ ಮೇಲೆ. ಡಿಸ್ಕ್ ಅರ್ಧ ಇಂಚು ಕಮ್ಮಿಯಾದರೆ ಟೈರಿನ ಅಗಲ 5 ಮಿ.ಮೀ. ಕುಗ್ಗುತ್ತೆ. ನಿಮ್ಮ 6ಜೆ ಮೇಲೆ ಅದು 230. ಈಗಿನ 215ಕ್ಕಿಂತ 15 ಜಾಸ್ತಿ, ಒಳಗೆ 7.5, ಹೊರಗೆ 7.5, ಸುತ್ತಲೂ 15 ಎತ್ತರ.

ಥರ್ಮಕೋಲ್ ತುಂಡು ಕತ್ತರಿಸಿ, 8 ಮಿ.ಮೀ. ದಪ್ಪದ್ದು ಟೈರಿನ ಒಳಗೋಡೆಗೆ, 15 ಮಿ.ಮೀ. ದಪ್ಪದ್ದು ಟ್ರೆಡ್ ಮೇಲೆ ಟೇಪ್ ಹಾಕಿ ಅಂಟಿಸಿ. ಒಂದು ಮುಂದಿನ ಚಕ್ರವನ್ನ ಸುಮಾರು ಒಂದಡಿ ಎತ್ತರದ ದಿಣ್ಣೆಗೆ ಹತ್ತಿಸಿ, ಅಂಟಿಸಿದ ಜಾಗ ನೆಲಕ್ಕೆ ಸಿಗದ ಹಾಗೆ ನಿಲ್ಲಿಸಿ. ಸ್ಟೀರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ನೋಡಬೇಕಾದ ಜಾಗ: ಮಡ್‌ಗಾರ್ಡ್‌ನ ಹಿಂಭಾಗದ ಕೆಳತುದಿ, ಬಂಪರ್ ಮೂಲೆ, ಬ್ರೇಕ್ ಹೋಸ್, ಚಾಸಿಸ್ ಹತ್ತಿರ ಒಳಗೋಡೆ. ಬ್ರೇಕ್ ಹೋಸ್‌ಗೆ ಥರ್ಮಕೋಲ್ ಸವರಿದರೂ ಸಾಕು, ಆ ಟೈರು ಬೇಡ. ಪ್ಲಾಸ್ಟಿಕ್ ತಾಗಿದರೆ ಕತ್ತರಿಸಬಹುದು, ಹೋಸ್ ಹರಿದರೆ ಬ್ರೇಕೇ ಇರಲ್ಲ.

ಹಿಂದೆ ಲೋಡ್ ಹಾಕಿಯೇ ನೋಡಬೇಕು. ಖಾಲಿ ಇದ್ದಾಗ ನಾಲ್ಕು ಬೆರಳು ಜಾಗ ಇರುತ್ತೆ, ಪಟ್ಟಿ ಬಗ್ಗಿ ರಬ್ಬರ್ ಸ್ಟಾಪರ್‌ಗೆ ಮುಟ್ಟಿದಾಗ ಎಷ್ಟಿರುತ್ತೆ ಅನ್ನೋದೇ ಲೆಕ್ಕ.

ಕಮಾನುಪಟ್ಟಿ

ಪಟ್ಟಿ ಹೆಚ್ಚಿಸೋ ವಿಷಯ. ಹಿಂದಿನ ಆಕ್ಸಲ್ ಹತ್ತಿರ ಚಾಸಿಸ್‌ಗೆ ಒಂದು ವಾಲ್ವು, ಅದರಿಂದ ಆಕ್ಸಲ್‌ಗೆ ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಇದೆಯಾ ನೋಡಿ. ಬಹಳಷ್ಟು ಪಿಕಪ್‌ಗಳಲ್ಲಿ ಇರುತ್ತೆ, ಎಲ್‌ಎಸ್‌ಪಿವಿ ಅಂತಾರೆ. ಲೋಡ್ ಹೆಚ್ಚಾಗಿ ಚಾಸಿಸ್ ತಗ್ಗಿದಾಗ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡೋದು, ಖಾಲಿ ಇದ್ದಾಗ ಕಮ್ಮಿ ಬಿಟ್ಟು ಹಿಂದಿನ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋದು ಅದರ ಕೆಲಸ. ಪಟ್ಟಿ ಸೇರಿಸಿ ಅಥವಾ ಉದ್ದದ ಶ್ಯಾಕಲ್ ಹಾಕಿ ಚಾಸಿಸ್ ಎತ್ತಿದರೆ ವಾಲ್ವಿಗೆ ಗಾಡಿ ಯಾವಾಗಲೂ ಖಾಲಿ ಅನ್ನಿಸುತ್ತೆ. 700 ಕೆ.ಜಿ. ಹೊತ್ತಿದ್ದರೂ ಹಿಂದಿನ ಬ್ರೇಕ್ ಅರ್ಧಂಬರ್ಧ. ಮುಂದಿನ ಪ್ಯಾಡ್ ಬೇಗ ಬೇಗ ಸವೆದರೆ ಯಾರೂ ಈ ಕಡ್ಡಿಯ ಕಡೆ ನೋಡಲ್ಲ. ಎತ್ತಲೇಬೇಕು ಅಂದರೆ ಕಡ್ಡಿಯ ಅಳತೆಯನ್ನ ವರ್ಕ್‌ಶಾಪ್ ಪುಸ್ತಕದ ಪ್ರಕಾರ ಮತ್ತೆ ಸೆಟ್ ಮಾಡಿಸಬೇಕು, ಅಂದಾಜಿನಲ್ಲಿ ಅಲ್ಲ. ಟೈರು ದೊಡ್ಡದು ಮಾಡೋಕೆ ಗಾಡಿ ಎತ್ತೋದು ನೆಗಡಿಗೆ ಮೂಗು ಕೊಯ್ದ ಹಾಗೆ.

ಪಿವಿಸಿ ಪೈಪು ಅಂದ್ರಿ. 6 ಮೀಟರ್ ಉದ್ದದ್ದಾ?

ಪೀಣ್ಯಪಿಕಪ್

ಹೌದು, ಹಿಂದೆ ಚಾಚಿಕೊಂಡಿರುತ್ತೆ.

ಟೈರ್‌ಲೆಕ್ಕ

ಹಾಗಾದರೆ ಹಿಂದಿನ ಆಕ್ಸಲ್ ಮೇಲೆ ಬೀಳೋದು 700 ಅಲ್ಲ. ಲೋಡಿನ ನಡುಭಾಗ ಆಕ್ಸಲ್‌ಗಿಂತ 30 ಸೆಂ.ಮೀ. ಹಿಂದಿದೆ, ಎರಡು ಆಕ್ಸಲ್ ನಡುವೆ 3 ಮೀಟರ್ ಇದೆ ಅಂತ ಇಟ್ಟುಕೊಳ್ಳಿ. 700 ಕೆ.ಜಿ. ಲೋಡು ಹಿಂದೆ 770 ಆಗಿ ಕೂರುತ್ತೆ, ಮುಂದಿನ ಚಕ್ರದಿಂದ 70 ಕಿತ್ತುಕೊಳ್ಳುತ್ತೆ. ಏತದ ಲೆಕ್ಕ. ಮುಂದೆ ಹಗುರ ಆದ ಗಾಡಿ ಮಳೆಯಲ್ಲಿ ಸ್ಟೀರಿಂಗ್ ಮಾತು ಕೇಳೋದಿಲ್ಲ. ಪೈಪನ್ನ ಕ್ಯಾಬಿನ್ ಮೇಲಿನ ಸ್ಟ್ಯಾಂಡ್‌ಗೆ ಆದಷ್ಟು ಮುಂದಕ್ಕೆ ತಳ್ಳಿ, ಫಿಟಿಂಗ್ಸ್ ಚೀಲಗಳನ್ನ ಕ್ಯಾಬಿನ್ ಬೆನ್ನಿಗೆ ಒತ್ತಿ ಇಡಿ.

ಅಂದಾಜು ಬೇಡ ಅಂದರೆ ಲೋಡ್ ಮಾಡಿ ವೇಬ್ರಿಡ್ಜ್ ಮೇಲೆ ಹಿಂದಿನ ಚಕ್ರ ಮಾತ್ರ ನಿಲ್ಲಿಸಿ ಚೀಟಿ ತಗೊಳ್ಳಿ. ಪೀಣ್ಯದಲ್ಲಿ ವೇಬ್ರಿಡ್ಜ್‌ಗೆ ಬರವಿಲ್ಲ. ಆ ಸಂಖ್ಯೆಯ ಅರ್ಧವೇ ನಿಮ್ಮ ಟೈರಿನ ನಿಜವಾದ ಭಾರ.

ಪೀಣ್ಯಪಿಕಪ್

ತೂಗಿಸಿದೆ. ಪೈಪು, ಫಿಟಿಂಗ್ಸ್ ಎಲ್ಲ ಸೇರಿ ಹಿಂದೆ 1,580. ಟೈರಿಗೆ 790. ಎಲ್‌ಟಿ 215/75 ಆರ್15, 8 ಪಿಆರ್, 106/103, ಆಲ್ ಟೆರೇನ್ ಪ್ಯಾಟರ್ನ್‌ನಲ್ಲಿ ಐದು ಟೈರು ಹೇಳಿಬಂದೆ. ಗಾಳಿ ಎಷ್ಟಿಡಬೇಕು? ಈಗ ಸುತ್ತ 35 ಪಾಯಿಂಟ್ (ಪಿಎಸ್‌ಐ) ಹಾಕಿಸ್ತಿದ್ದೆ.

ಕಮಾನುಪಟ್ಟಿ

35 ಸಾಲದು. ಎಲ್‌ಟಿ ಟೈರಿನ ಶಕ್ತಿ ಇರೋದು ಗಾಳಿಯಲ್ಲಿ. ಕಾರು ಜಾತಿಯ ಟೈರು 35, 36ಕ್ಕೇ ತನ್ನ ಪೂರ್ತಿ ಭಾರ ಹೊರುತ್ತೆ, ಎಲ್‌ಟಿ 8 ಪಿಆರ್ ಆ 950 ಕೆ.ಜಿ. ಹೊರೋದು 65 ಪಿಎಸ್‌ಐ ಇದ್ದಾಗ. 50ಕ್ಕೆ 800. ಅದೇ 35ರಲ್ಲಿ ಲೋಡ್ ಹೊರಿಸಿ ನೈಸ್ ರಸ್ತೆಯಲ್ಲಿ 80ರಲ್ಲಿ ಓಡಿಸಿದರೆ ಪಕ್ಕದ ಗೋಡೆ ಬಾಗಿ ಬಾಗಿ ಬಿಸಿಯಾಗಿ ಒಳಗಿನ ಪದರ ಬಿಡುತ್ತೆ. ಹೊರಗೆ ಏನೂ ಕಾಣಲ್ಲ, ಒಂದು ದಿನ ಮಧ್ಯಾಹ್ನದ ಬಿಸಿಲಲ್ಲಿ ಸಿಡಿಯುತ್ತೆ.

ನಿಮ್ಮ 790ಕ್ಕೆ 50 ಸರಿಯಾಗಿ ಸಾಕು, 830ರ ಮಿತಿಯವರೆಗೆ ಹೋದರೆ 53. ಲೋಡ್ ದಿನ ಹಿಂದೆ 55 ಇಡಿ. ಮುಂದೆ 35, 36. ಭಾನುವಾರ ಖಾಲಿ ಹೋಗೋದಾದರೆ ಹಿಂದಿನದನ್ನ 35ಕ್ಕೆ ಇಳಿಸಿ. 55ರಲ್ಲಿ ಖಾಲಿ ಗಾಡಿ ಹಂಪ್ ಮೇಲೆ ಚೆಂಡಿನ ಹಾಗೆ ಕುಣಿಯುತ್ತೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಹಿಂಭಾಗ ಜಾರುತ್ತೆ. ಮಣ್ಣುದಾರಿಯಲ್ಲೂ 35ರ ಟೈರು ಹಿಡಿಯೋ ಹಾಗೆ 55ರದು ಹಿಡಿಯಲ್ಲ. ತೋಟಕ್ಕೆ ನಿಮಗೆ ಬೇಕಾಗಿದ್ದು ಇದು, 15 ಮಿ.ಮೀ. ಎತ್ತರ ಅಲ್ಲ.

ಬೆಳಿಗ್ಗೆ ಟೈರು ತಣ್ಣಗಿದ್ದಾಗ ಹಾಕಿಸಿ. ಓಡಿ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ, 6 ಪಾಯಿಂಟ್‌ವರೆಗೆ ಏರಿದ್ದರೆ ಸರಿ. ಹತ್ತು ಏರಿದ್ದರೆ ಗಾಳಿ ಕಮ್ಮಿ ಇತ್ತು ಅಂತ ಅರ್ಥ. ಏರಿದೆ ಅಂತ ಬಿಸಿಯಲ್ಲಿ ಗಾಳಿ ಬಿಡೋದು ಎಲ್ಲರೂ ಮಾಡೋ ತಪ್ಪು.

ಸ್ಪ್ಯಾನರ್17

ಹಾಕಿಸೋ ದಿನ ಅಂಗಡಿಯಲ್ಲೇ ನಿಂತು ನೋಡಬೇಕಾದ್ದು.

ಐದೂ ಟೈರಿನ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಮೊದಲೆರಡು ವಾರ, ಆಮೇಲಿನೆರಡು ವರ್ಷ. ನಿಮ್ಮ ಸ್ಟೆಪ್ನಿಯ 1914 ಅಂದರೆ 2014ರ 19ನೇ ವಾರ. ಗುಂಡಿ ಪೂರ್ತಿ ಇದ್ದರೂ ರಬ್ಬರ್ ಸತ್ತಿದೆ, ಅದನ್ನ ಲೋಡ್ ಹೊತ್ತಾಗ ಹಾಕಬೇಡಿ.

ವಾಲ್ವ್: ಸಾಮಾನ್ಯವಾಗಿ ತೂರಿಸೋ ರಬ್ಬರ್ ಟ್ಯೂಬ್‌ಲೆಸ್ ವಾಲ್ವಿನ ಮಿತಿ 65 ಪಿಎಸ್‌ಐ. ಬಿಸಿಯಾದಾಗ ನಿಮ್ಮ 55 ಅಲ್ಲಿಗೆ ಹತ್ತಿರ ಬರುತ್ತೆ. ನಟ್ಟು ಹಾಕಿ ಬಿಗಿಯೋ ಲೋಹದ ವಾಲ್ವ್ ಕೇಳಿ ಹಾಕಿಸಿ.

ಡಿಸ್ಕ್ ಒಳಗೆ: ಟೈರಿನ ಅಂಚು ಕೂರೋ ಜಾಗದ ಪಕ್ಕ ಸುತ್ತಲೂ ಒಂದು ಸಣ್ಣ ದಿಬ್ಬ ಇರಬೇಕು, ಟ್ಯೂಬ್‌ಲೆಸ್‌ಗೆ ಅದು ಬೇಕು. ಇಲ್ಲದಿದ್ದರೆ ಟ್ಯೂಬ್ ಹಾಕಿಸಿ. ತುಕ್ಕನ್ನ ವೈರ್ ಬ್ರಷ್‌ನಿಂದ ತೆಗೆದು ಪ್ರೈಮರ್ ಹೊಡೆಸಿ ಒಣಗಿದ ಮೇಲೆ ಟೈರು ಕೂರಿಸಿ. ತುಕ್ಕಿನ ಮೇಲೇ ಕೂರಿಸಿದರೆ ನಿಧಾನ ಗಾಳಿ ಇಳಿಯುತ್ತೆ, ಪಂಚರ್ ಅಂಗಡಿಯವನು ನೀರಲ್ಲಿ ಮುಳುಗಿಸಿ ಮೊಳೆ ಹುಡುಕ್ತಾನೇ ಇರ್ತಾನೆ. ಡಿಸ್ಕ್ ಹಬ್ಬಿಗೆ ಕೂರೋ ಮುಖಕ್ಕೆ ಮಾತ್ರ ಪೇಂಟ್ ದಪ್ಪ ಬೇಡ. ಒತ್ತಡಕ್ಕೆ ಪೇಂಟ್ ಪುಡಿಯಾಗಿ ನಟ್ಟು ಸಡಿಲ ಆಗುತ್ತೆ.

ನಟ್ಟು ಗನ್‌ನಿಂದ ಪೂರ್ತಿ ಬಿಗಿಯೋಕೆ ಬಿಡಬೇಡಿ. ಕೈಯಲ್ಲಿ ಐದೂ ಕೂರಿಸಿ, ನಕ್ಷತ್ರ ಬರೆಯೋ ಹಾಗೆ ಒಂದು ಬಿಟ್ಟು ಒಂದು, ಎರಡು ಮೂರು ಸುತ್ತಿನಲ್ಲಿ, ಚಕ್ರ ನೆಲಕ್ಕೆ ಮುಟ್ಟಿಸಿ ಟಾರ್ಕ್ ರೆಂಚ್‌ನಿಂದ, ಗಾಡಿ ಪುಸ್ತಕದಲ್ಲಿ ಹೇಳಿದಷ್ಟು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ.

ಹಳೆ ಸ್ಟೆಪ್ನಿ ಕೆಳಗಿಳಿಸೋವಾಗ ಚೈನ್ ವಿಂಚ್‌ಗೆ ಹಿಂದಿನ ದಿನವೇ ಎಣ್ಣೆ ಬಿಡಿ. ವರ್ಷಗಟ್ಟಲೆ ಬಿಚ್ಚದ್ದು ತುಕ್ಕು ಹಿಡಿದು ಕೂತಿರುತ್ತೆ, ಅಂಗಡಿಯಲ್ಲಿ ಬಲವಂತ ಮಾಡಿದರೆ ಚೈನ್ ತುಂಡಾಗುತ್ತೆ.

ಹುಬ್ಬಳ್ಳಿಗಾಡಿ

ಅಲೈನ್‌ಮೆಂಟ್ ಮಾಡ್ಸೂದು ಮರೀಬ್ಯಾಡ್ರಿ. ಮೊದಲ ಟೈ ರಾಡ್ ಎಂಡು, ಕಿಂಗ್ ಪಿನ್ ಇದ್ರ ಕಿಂಗ್ ಪಿನ್, ಬಾಲ್ ಜಾಯಿಂಟ್ ಇದ್ರ ಅದು, ಪ್ಲೇ ಐತೇನು ನೋಡ್ರಿ. ಪ್ಲೇ ಇಟ್ಕೊಂಡು ಅಲೈನ್‌ಮೆಂಟ್ ಮಾಡ್ಸಿದ್ರ ರೊಕ್ಕ ದಂಡ. ಹಳೇ ಟೈರಿನ ಮ್ಯಾಲೆ ಅಂಗೈ ಆಡಸ್ರಿ: ಒಂದ ದಿಕ್ಕಿಗೆ ನುಣುಪು, ಇನ್ನೊಂದ ದಿಕ್ಕಿಗೆ ಗರಗಸದಂಗ ಚುಚ್ಚಿದ್ರ ಟೋ (ಚಕ್ರ ಒಳಗ-ಹೊರಗ ತಿರುಗಿರೂ ಕೋನ) ತಪ್ಪೈತಿ. ಒಂದs ಅಂಚು ಸವದಿದ್ರ ಕ್ಯಾಂಬರ್ (ಚಕ್ರ ವಾಲಿರೂ ಕೋನ). ಎರಡೂ ಅಂಚು ಸವದಿದ್ರ ಗಾಳಿ ಕಮ್ಮಿ ಇಟ್ಟ ಓಡ್ಸೀರಿ.

ಪೀಣ್ಯಪಿಕಪ್

ಹಿಂದಿನ ಎರಡರಲ್ಲೂ ಎರಡೂ ಅಂಚು ಸವೆದಿವೆ, ನಡುವೆ ಗುಂಡಿ ಇನ್ನೂ ಕಾಣುತ್ತೆ. ಮುಂದಿನ ಎಡಗಡೆಯದು ಅಂಗೈಗೆ ಗರಗಸದ ಹಾಗೆ ಚುಚ್ಚುತ್ತೆ. ಟೈ ರಾಡ್ ಎಂಡ್ ಎರಡೂ ಬದಲಾಯಿಸಿ ಆಮೇಲೆ ಟೈರ್ ಅಂಗಡಿಗೆ ಹೋಗ್ತೀನಿ. ವಿಂಚ್‌ಗೆ ಎಣ್ಣೆ ಬಿಟ್ಟೆ.